ನಿಲ್ಲದ ಗಾಡಿ ಹೊತ್ತಿಗೆ ಸರಿಯಾಗಿ ತಲುಪಿತು

ಇಂಗ್ಲೆಂಡಿನ ಉತ್ತರದ ಮಾರ್ಗಗಳ ರೈಲು ಗುತ್ತಿಗೆ ಯಾವ ಕಂಪನಿಗೆ ಸೇರಬೇಕೆಂದು ತೀರ್ಮಾನಿಸುವ ಮಾನ್ಯ ಮುಖ್ಯಾಧಿಕಾರಿಗಳೇ,

ಲೀಡ್ಸ್ ನಗರಕ್ಕೆ ಹೋಗುವ ಬೆಳಗಿನ ಗಾಡಿ ನಮ್ಮೂರು ಕೋಲ್ಡನ್‌ಬೆಕ್‌ನಲ್ಲಿ ನಿಲ್ಲಬೇಕು. ನಿಲ್ದಾಣದ ಗೋಡೆಗೆ ಅಂಟಿಸಿದ ವೇಳಾಪಟ್ಟಿ ಹಾಗೆನ್ನುತ್ತದೆ, ನನ್ನ ಗಂಡನ ಸೀಸನ್ ಟಿಕೆಟ್ಟೂ ಹಾಗೇ ಎನ್ನುತ್ತದೆ. ಗಾಡಿಯೊಂದು ಮಾತ್ರ ಒಪ್ಪುವುದಿಲ್ಲ. ಮನಸ್ಸು ಬಂದ ದಿನ ನಿಲ್ಲುತ್ತದೆ, ಬಾರದ ದಿನ ನಮ್ಮ ಮುಖಕ್ಕೆ ಧೂಳೆರಚಿ ಹೋಗುತ್ತದೆ. ಹೀಗೆ ಓಡಿಸುತ್ತಿರುವ ಕಂಪನಿಯೇ ಈಗ ಮತ್ತೆ ಗುತ್ತಿಗೆಗೆ ಬಿಡ್ ಹಾಕಿದೆ, ಪ್ರಯಾಣಿಕರ ಮೆಚ್ಚುಗೆಯ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದೆ ಎಂದು ಪತ್ರಿಕೆಯಲ್ಲಿ ಓದಿದೆ. ನಿಮಗೆ ಹಿಂದೆಯೂ ಬರೆದಿದ್ದೇನೆ. ಪ್ರತಿ ಸಲವೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಬಂತು. ಅಮೂಲ್ಯವಾದದ್ದನ್ನು ಯಾರ ಕಣ್ಣಿಗೂ ಬೀಳದಂತೆ ಬೀಗ ಹಾಕಿ ಇಡುವುದು ವಾಡಿಕೆ, ನೀವೂ ಹಾಗೇ ಇಟ್ಟಿರಬೇಕು. ಆದ್ದರಿಂದ ಈ ಸಲ ನಮ್ಮ ಕಣಿವೆಯ ವಾರಪತ್ರಿಕೆಯಲ್ಲಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಹೆಂಗಸರ ಕೂದಲು ಕತ್ತರಿಸಿ ಬದುಕುವವಳು. ರೈಲ್ವೆಯ ವಿದ್ಯೆ ನನಗಿಲ್ಲ. ಆದರೂ ಗಾಡಿ ಯಾಕೆ ನಿಲ್ಲುವುದಿಲ್ಲ ಎನ್ನುವುದು ನನ್ನ ಕುರ್ಚಿಯಲ್ಲಿ ಕೂತು ಹೋಗುವ ಪ್ರತಿಯೊಬ್ಬ ಗಿರಾಕಿಗೂ ಗೊತ್ತು. ನಿಮಗೆ ಗೊತ್ತಿಲ್ಲವೆಂದು ನಂಬುವುದು ಕಷ್ಟ, ಆದರೂ ಹೇಳುತ್ತೇನೆ. ನಮ್ಮ ಮಾರ್ಗದ ಗುತ್ತಿಗೆಯಲ್ಲಿ ಗಾಡಿಯ ಸಮಯಪಾಲನೆಯನ್ನು ಕೊನೆಯ ನಿಲ್ದಾಣದಲ್ಲಿ ಮಾತ್ರ ಅಳೆಯುತ್ತಾರೆ. ಲೀಡ್ಸ್‌ಗೆ ಐದು ನಿಮಿಷದೊಳಗೆ ಹಿಂದುಮುಂದಾಗಿ ಬಂದರೆ ಅದು ‘ಹೊತ್ತಿಗೆ ಸರಿಯಾಗಿ’ ಬಂದಂತೆ. ಗಾಡಿ ಬೆಟ್ಟದಾಚೆ ಎಲ್ಲೋ ತಡವಾಯಿತೆಂದುಕೊಳ್ಳಿ. ಕಳೆದ ಹೊತ್ತನ್ನು ಕೂಡಿಸಿಕೊಳ್ಳಲು ಸುಲಭದ ದಾರಿ ಯಾವುದು? ನಡುವಿನ ಸಣ್ಣ ಊರುಗಳನ್ನು ಹಾರಿಸಿಬಿಡುವುದು. ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ ದಂಡವಿಲ್ಲವೇ ಎಂದು ನೀವು ಕೇಳಬಹುದು. ಇದೆಯಂತೆ. ಆದರೆ ಗಾಡಿ ನಮ್ಮೂರು ತಲುಪುವ ಮೊದಲೇ ‘ಇವತ್ತಿನ ಮಟ್ಟಿಗೆ ವೇಳಾಪಟ್ಟಿಯನ್ನು ಪರಿಷ್ಕರಿಸಲಾಗಿದೆ’ ಎಂದು ಕಚೇರಿಯಲ್ಲಿ ಒಂದು ಗುಂಡಿ ಒತ್ತಿದರೆ ನಿಲ್ಲಬೇಕಾದ ಊರೇ ಪಟ್ಟಿಯಲ್ಲಿ ಉಳಿಯುವುದಿಲ್ಲ. ಇಲ್ಲದ ಊರನ್ನು ಬಿಟ್ಟು ಹೋದದ್ದಕ್ಕೆ ಯಾರಾದರೂ ದಂಡ ಕಟ್ಟುತ್ತಾರೆಯೇ? ಹೀಗೆ ವಾರದಲ್ಲಿ ಒಂದೆರಡು ಬೆಳಿಗ್ಗೆ ಕೋಲ್ಡನ್‌ಬೆಕ್ ಇಂಗ್ಲೆಂಡಿನ ನಕಾಶೆಯಿಂದ ಕಾಣೆಯಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ.

ಇನ್ನು ನಿಮ್ಮ ಪ್ರಯಾಣಿಕರ ಅಭಿಪ್ರಾಯ ಸಮೀಕ್ಷೆ. ಪ್ರತಿ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ತೃಪ್ತಿ ಎಂದು ನೀವು ಪ್ರಕಟಿಸಿದ್ದೀರಿ. ಅದು ಹೇಗೆ ತಯಾರಾಗುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡೆ. ಒಂದು ದಿನ ಗಂಡನನ್ನು ಡಾಕ್ಟರಿಗೆ ತೋರಿಸಲು ಅವನ ಜೊತೆ ಹೊರಟಿದ್ದೆ. ಅವತ್ತು ಗಾಡಿ ಕೃಪೆ ಮಾಡಿ ನಿಂತಿತ್ತು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೇನೂ ಸಿಟ್ಟಿಲ್ಲ.

“ಇವತ್ತಿನ ಪ್ರಯಾಣ ನಿಮಗೆ ತೃಪ್ತಿ ತಂದಿದ್ಯಾ ಮೇಡಂ?”

“ಇವತ್ತು ನಿಲ್ಸಿದಾರೆ, ತೃಪ್ತೀನೇ. ನಿನ್ನೆ ನಿಲ್ಸ್ಲಿಲ್ಲ. ಅದನ್ನ ಎಲ್ಲಿ ಬರ್ಕೋತೀಯಮ್ಮ?”

“ನಿನ್ನೇದು ಬರಲ್ಲ ಮೇಡಂ. ಇವತ್ತಿಂದು ಮಾತ್ರ.”

“ಹಾಗಾದ್ರೆ ನಿನ್ನೆ ಬಂದು ಕೇಳ್ಬೇಕಿತ್ತು ನೀನು.”

“ನಿನ್ನೇನೂ ಇದೇ ಗಾಡೀಲಿದ್ದೆ ನಾನು. ನೀವೇ ಇರ್ಲಿಲ್ಲ.”

ನನ್ನ ಗಂಡ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದ. ನನಗೆ ನಗು ಬರಲಿಲ್ಲ. ನಿಮ್ಮ ಸಮೀಕ್ಷೆಯ ಮರ್ಮ ಆ ಹುಡುಗಿಯ ಒಂದು ಮಾತಿನಲ್ಲೇ ಇತ್ತು. ಗಾಡಿಯೊಳಗೆ ಕೂತವರು ಪ್ರಯಾಣಿಕರು, ಅವರಿಗೆ ಅಭಿಪ್ರಾಯವಿದೆ. ಪ್ಲಾಟ್‌ಫಾರ್ಮಿನಲ್ಲಿ ಟಿಕೆಟ್ ಹಿಡಿದು ಬಾಯಿ ಬಿಟ್ಟುಕೊಂಡು ನಿಂತವರು ಯಾರೂ ಅಲ್ಲ. ಗಾಡಿ ನಮ್ಮನ್ನು ಬಿಟ್ಟು ಮುಂದೆ ಹೋದಷ್ಟೂ ಒಳಗೆ ಕೂತವರು ಬೇಗ ತಲುಪುತ್ತಾರೆ, ಅವರ ತೃಪ್ತಿ ಏರುತ್ತದೆ. ಅಂದರೆ ನಮ್ಮನ್ನು ಹಾರಿಸುವುದು ಕಂಪನಿಗೆ ಎರಡು ಕಡೆಯಿಂದಲೂ ಲಾಭ. ನಾನು ಕಂಪನಿಯ ಯಜಮಾನಿಯಾಗಿದ್ದರೆ ನಾನೂ ಇದನ್ನೇ ಮಾಡುತ್ತಿದ್ದೆನೇನೋ. ಇಂಥ ಆಟದ ನಿಯಮ ಬರೆದವರು ಯಾರು ಎನ್ನುವುದು ನನ್ನ ಪ್ರಶ್ನೆ, ಮತ್ತು ಅದನ್ನು ನಿಮಗೆ ಕೇಳುತ್ತಿದ್ದೇನೆ.

ಗಂಡನ ವಿಷಯ ಹೇಳದೆ ಮುಂದೆ ಹೋಗಲಾರೆ. ರೋಲೆಂಡ್ ಲೀಡ್ಸ್‌ನ ಒಂದು ಕಾರ್ಯಾಗಾರದಲ್ಲಿ ಕೃತಕ ಹಲ್ಲು ತಯಾರಿಸುತ್ತಾನೆ. ಈ ಕಣಿವೆಯಲ್ಲಿ ವಯಸ್ಸಾದವರು ನಕ್ಕಾಗ ಕಾಣುವುದರಲ್ಲಿ ಬಹುಪಾಲು ಅವನ ಕೈಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ತಿಂಡಿಯ ಮೇಜಿನ ಮುಂದೆ ಅವನಿಗೆ ಮೊದಲ ಸಲ ಫಿಟ್ಸ್ ಬಂತು. ಆಮೇಲೆ ಆಗೊಮ್ಮೆ ಈಗೊಮ್ಮೆ ಬರುತ್ತಲೇ ಇದೆ, ಹೆಚ್ಚಾಗಿ ಬೆಳಗಿನ ಜಾವದ ನಿದ್ದೆಯಲ್ಲಿ. ಫಿಟ್ಸ್ ಬಂದವನು ವಾಹನ ಓಡಿಸಬಾರದು ಎನ್ನುತ್ತದೆ ಕಾನೂನು. ಒಳ್ಳೆಯ ಕಾನೂನು, ನಾವು ತಕರಾರಿಲ್ಲದೆ ಪಾಲಿಸಿದೆವು. ಪರವಾನಗಿ ಹಿಂದಿರುಗಿಸಿ ಕಾರು ಮಾರಿದೆವು. ನನಗೆ ಓಡಿಸಲು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ರೋಲೆಂಡ್ ಕಲಿಸಲು ಹೊರಟಿದ್ದ, ಸಂಸಾರ ಉಳಿಯಲಿ ಎಂದು ಇಬ್ಬರೂ ಅರ್ಧಕ್ಕೇ ಬಿಟ್ಟೆವು. ‘ಮನೆ ನಿಲ್ದಾಣದ ಹತ್ತಿರವೇ ಇದೆಯಲ್ಲ, ಅದೃಷ್ಟವಂತರು’ ಎಂದರು ಡಾಕ್ಟರು. ನಾವೂ ಹಾಗೇ ಅಂದುಕೊಂಡಿದ್ದೆವು.

ಹಲ್ಲಿನ ಕೆಲಸಕ್ಕೆ ತಡವಾಗಿ ಹೋಗುವಂತಿಲ್ಲ. ಬೆಳಿಗ್ಗೆ ಒಲೆಗೆ ಹೋಗಬೇಕಾದ ಅಚ್ಚು ಹೋಗದಿದ್ದರೆ ಸಂಜೆ ಯಾರೋ ಒಬ್ಬ ಮುದುಕ ಗಂಜಿ ಕುಡಿದು ಮಲಗಬೇಕಾಗುತ್ತದೆ. ರೋಲೆಂಡನ ಮೇಲಿನವನು ಕೆಟ್ಟವನಲ್ಲ, ಒಂದು ವರ್ಷ ಸಹಿಸಿಕೊಂಡ. ಕೊನೆಗೆ ಒಂದು ಸಂಜೆ ರೋಲೆಂಡ್ ಮನೆಗೆ ಬಂದು ಕೋಟು ಬಿಚ್ಚದೆ ಹಾಗೇ ಕುರ್ಚಿಯಲ್ಲಿ ಕೂತ.

“ಏನಂದ್ರು?” ಎಂದೆ.

“ಇನ್ನು ಮೇಲೆ ಲೇಟಾದ್ರೆ ಬೇರೆಯವ್ರನ್ನ ನೋಡ್ಕೋಬೇಕಾಗತ್ತೆ ಅಂದ. ಪಾಪ, ಅವ್ನ ಮುಖ ನೋಡ್ಬೇಕಿತ್ತು, ನಾನೇ ಸಮಾಧಾನ ಮಾಡಿ ಬಂದೆ.”

“ಗಾಡಿ ನಿಲ್ಲಲ್ಲ ಅಂತ ಹೇಳ್ಲಿಲ್ವಾ?”

“ಹೇಳ್ದೆ ಕಣೇ. ಅವ್ನು ಕಂಪ್ಯೂಟರಲ್ಲಿ ತೆಗೆದು ತೋರ್ಸಿದ. ಗಾಡಿ ದಿನಾ ಹೊತ್ತಿಗೆ ಸರಿಯಾಗಿ ಬಂದಿದೆ ಅಂತ ಇದೆ. ನನ್ನನ್ನ ಸುಳ್ಳ ಅಂತ ಬಾಯ್ಬಿಟ್ಟು ಅನ್ಲಿಲ್ಲ, ಅಷ್ಟೆ.”

ಮಾನ್ಯರೇ, ಇಪ್ಪತ್ತು ವರ್ಷ ಒಂದೇ ಕಡೆ ದುಡಿದ ಮನುಷ್ಯ ಹೀಗೆ ತನ್ನ ಮೇಲಿನವನ ಮುಂದೆ ಸುಳ್ಳನಾದ. ಅವನನ್ನು ಸುಳ್ಳನನ್ನಾಗಿ ಮಾಡಿದ್ದು ನಿಮ್ಮ ಅಂಕಿಅಂಶ. ಅದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ನಾವು ಕೈಕಟ್ಟಿ ಕೂತವರೇನಲ್ಲ. ಈ ದೇಶದ ಸಣ್ಣ ನಿಲ್ದಾಣಗಳಲ್ಲಿ ಇರುವಂತೆ ನಮ್ಮಲ್ಲೂ ‘ನಿಲ್ದಾಣದ ಗೆಳೆಯರು’ ಎಂಬ ಬಳಗವಿದೆ. ಕಂಪನಿಯ ಸಿಬ್ಬಂದಿ ಇಲ್ಲದ ನಿಲ್ದಾಣವನ್ನು ನಾವೇ ಗುಡಿಸುತ್ತೇವೆ, ಬೆಂಚಿಗೆ ಬಣ್ಣ ಬಳಿಯುತ್ತೇವೆ, ಹಳೆಯ ಮರದ ತೊಟ್ಟಿಗಳಲ್ಲಿ ಹೂಗಿಡ ಬೆಳೆಸುತ್ತೇವೆ. ಬಳಗದ ಅಧ್ಯಕ್ಷರು ನಿವೃತ್ತ ಭೂಗೋಳ ಮೇಷ್ಟ್ರು ಹೆಡ್ಲಿ ಬ್ಯಾರಕ್ಲಫ್. ಗಿಡಗಳ ಉಸ್ತುವಾರಿ ನಮ್ಮ ಪಕ್ಕದ ಮನೆಯ ವಿನ್ನಿಯದು. ಮಂಡಿನೋವಿದ್ದರೂ ಮಣ್ಣಲ್ಲಿ ಕೂತು ಕಳೆ ಕೀಳುವ ಹೆಂಗಸು. ಕಳೆದ ವರ್ಷ ಅತ್ಯಂತ ಸುಂದರ ಸಣ್ಣ ನಿಲ್ದಾಣವೆಂದು ನಮಗೆ ಬಹುಮಾನ ಬಂತು. ಕಂಪನಿಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಅವರು ಬಂದದ್ದು ಕಾರಿನಲ್ಲಿ. ನಾವು ಅವರಿಗೆ ಕೇಕು ಕತ್ತರಿಸಿ ಕೊಟ್ಟೆವು.

ಅದೇ ಫೋಟೋ ಈಗ ಅವರ ಬಿಡ್‌ನ ಮುಖಪುಟದಲ್ಲಿದೆ. ‘ಸ್ಥಳೀಯ ಸಮುದಾಯಗಳೊಂದಿಗೆ ನಮ್ಮ ಆಳವಾದ ಬಾಂಧವ್ಯ’ ಎಂದು ಕೆಳಗೆ ಬರೆದಿದೆ. ಬಾಂಧವ್ಯಕ್ಕೆ ನಿಮ್ಮಲ್ಲಿ ಪ್ರತ್ಯೇಕ ಅಂಕಗಳಿವೆಯಂತೆ. ನಾವು ತೊಟ್ಟಿಯಲ್ಲಿ ಬೆಳೆಸಿದ ಹೂವನ್ನು ಕಿತ್ತು ನಮ್ಮ ಕಿವಿಗೇ ಇಟ್ಟಿದ್ದಾರೆ. ಹೂವಿಲ್ಲದೆ, ಮುರಿದ ಬೆಂಚು, ಒಡೆದ ಗಾಜಿನ ನಿಲ್ದಾಣವಾಗಿಯೇ ಬಿಟ್ಟಿದ್ದರೆ ಯಾರಾದರೂ ಒಬ್ಬ ಅಧಿಕಾರಿ ಬಂದು ನೋಡುತ್ತಿದ್ದನೇನೋ. ನಾವು ಅಚ್ಚುಕಟ್ಟಾಗಿಟ್ಟೆವು, ಅದೇ ತಪ್ಪಾಯಿತು.

ಗುತ್ತಿಗೆಗೆ ಮೊದಲು ಸಾರ್ವಜನಿಕರ ಅಹವಾಲು ಕೇಳಬೇಕೆಂಬ ನಿಯಮವಿದೆ. ನಮ್ಮ ಕಣಿವೆಯ ಅಹವಾಲು ಸಭೆಯನ್ನು ನೀವು ಇಟ್ಟದ್ದು ಲೀಡ್ಸ್‌ನ ಹೋಟೆಲೊಂದರಲ್ಲಿ, ಕೆಲಸದ ದಿನ, ಬೆಳಿಗ್ಗೆ. ಇರಲಿ ಬಿಡಿ, ಹೋಗಬೇಕೆಂದರೆ ಎಲ್ಲಿಗಾದರೂ ಹೋಗಬಹುದು. ಹಿಂದಿನ ಸಂಜೆ ಎಲ್ಲರೂ ನನ್ನ ಅಂಗಡಿಯಲ್ಲಿ ಸೇರಿದೆವು. ವಿನ್ನಿ ಹೇಳಿದಳು, “ನನ್ನ ಅಳಿಯ ಮೀನಿನ ವ್ಯಾನ್ ತರ್ತೀನಿ ಅಂದಿದಾನೆ. ವಾಸನೆ ಬರತ್ತೆ, ಆದ್ರೆ ನಿಲ್ಲು ಅಂದ ಕಡೆ ನಿಲ್ಲತ್ತೆ.”

ಮೇಷ್ಟ್ರು ತಲೆಯಾಡಿಸಿದರು. “ವ್ಯಾನಲ್ಲಿ ಹೋಗಿ, ರೈಲು ನಿಲ್ಲಲ್ಲ ಅಂತ ದೂರು ಹೇಳೋದಾ? ‘ಹೇಗೋ ಬಂದ್ರಲ್ಲ, ಮತ್ತಿನ್ನೇನು’ ಅಂತಾರೆ. ಹೋದ್ರೆ ರೈಲಲ್ಲೇ ಹೋಗ್ಬೇಕು. ಇದು ತತ್ವದ ಪ್ರಶ್ನೆ ಕಣಮ್ಮ.”

“ತತ್ವಕ್ಕೂ ಒಂದು ಟಿಕೆಟ್ ತಗೊಳ್ಳಿ ಮೇಷ್ಟ್ರೇ, ಕೂರೋಕೆ ಜಾಗ ಬೇಕಲ್ಲ,” ಎಂದಳು ವಿನ್ನಿ.

ನಗಾಡಿದೆವು, ಆದರೆ ಮೇಷ್ಟ್ರ ಮಾತು ಎಲ್ಲರಿಗೂ ಸರಿಯೆನಿಸಿತು. ನನಗೂ ಅನಿಸಿತು. ಮಾರನೆಯ ಬೆಳಿಗ್ಗೆ ಬಳಗವೆಲ್ಲ ಒಳ್ಳೆಯ ಕೋಟು ತೊಟ್ಟು, ಹೋಗಿಬರುವ ಟಿಕೆಟ್ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ನಿಂತೆವು. ಕಂಬದ ಮೇಲಿನ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. ಲೀಡ್ಸ್‌ಗೆ ಹೋಗುವ ಗಾಡಿ ಕೋಲ್ಡನ್‌ಬೆಕ್‌ನಲ್ಲಿ ನಿಲ್ಲುವುದಿಲ್ಲ, ಇದರಿಂದ ನಿಮಗಾಗುವ ಅನಾನುಕೂಲಕ್ಕೆ ನನಗೆ ತುಂಬ ವಿಷಾದವಿದೆ ಎಂದಿತು. ಗಮನಿಸಿ, ‘ನನಗೆ’. ಈ ಕಂಪನಿಯಲ್ಲಿ ವಿಷಾದಪಡುವ ಜೀವ ಅದೊಂದೇ, ಅದೂ ಯಂತ್ರ. ಆಮೇಲೆ ಗಾಡಿ ಬಂತು, ಹೋಯಿತು. ಬೇರೆ ದೇಶದವರಾಗಿದ್ದರೆ ಹಳಿಯ ಮೇಲೆ ಕೂತುಬಿಡುತ್ತಿದ್ದರು. ನಾವು ಸಾಲು ಕೂಡ ಮುರಿಯಲಿಲ್ಲ. ವಿನ್ನಿ ಫ್ಲಾಸ್ಕು ತೆರೆದು ಎಲ್ಲರಿಗೂ ಟೀ ಸುರಿದಳು. ಮೀನಿನ ವ್ಯಾನು ಅಷ್ಟು ಹೊತ್ತಿಗೆ ಸಮುದ್ರದ ಕಡೆ ಹೊರಟುಹೋಗಿತ್ತು. ಮುಂದಿನ ಗಾಡಿ ಹಿಡಿದು ಲೀಡ್ಸ್ ತಲುಪಿದಾಗ ಸಭಾಂಗಣದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು.

ಬಳಿಕ ನಿಮ್ಮ ವರದಿ ಬಂತು. ಅದರ ಎರಡು ವಾಕ್ಯ ನನಗೆ ಬಾಯಿಪಾಠವಾಗಿದೆ. ‘ಕೋಲ್ಡನ್‌ಬೆಕ್‌ನಿಂದ ಯಾರೂ ಹಾಜರಿರಲಿಲ್ಲ. ಪ್ರಸ್ತುತ ಸೇವೆಯ ಬಗ್ಗೆ ಅಲ್ಲಿನ ನಿವಾಸಿಗಳಿಗೆ ಆಕ್ಷೇಪವಿಲ್ಲವೆಂದು ಭಾವಿಸಬಹುದಾಗಿದೆ.’ ಇದನ್ನು ಓದಿ ಮೇಷ್ಟ್ರು ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ. ನಾವು ಯಾಕೆ ಬರಲಿಲ್ಲ ಎಂದು ಕೇಳಲು ಒಂದು ಫೋನು ಮಾಡಬಹುದಿತ್ತಲ್ಲವೇ? ಬರಲಿಲ್ಲ ಎಂದರೆ ಸುಖವಾಗಿದ್ದಾರೆ ಎಂದು ತೀರ್ಮಾನಿಸುವ ಬುದ್ಧಿ ಯಾವ ಶಾಲೆಯಲ್ಲಿ ಕಲಿಸುತ್ತಾರೆ? ಸ್ಮಶಾನದಿಂದಲೂ ನಿಮಗೆ ಯಾರೂ ದೂರು ಕೊಟ್ಟಿರಲಾರರು. ಅದೇ ವರದಿಯ ಕೊನೆಗೆ, ನಮ್ಮೂರಲ್ಲಿ ಹತ್ತುವವರ ಸಂಖ್ಯೆ ಇಳಿಯುತ್ತಿರುವುದರಿಂದ ಹೊಸ ಗುತ್ತಿಗೆಯಲ್ಲಿ ಬೆಳಗಿನ ಗಾಡಿ ಇಲ್ಲಿ ನಿಲ್ಲುವುದನ್ನು ‘ಕಂಪನಿಯ ವಿವೇಚನೆಗೆ’ ಬಿಡಲಾಗುವುದು ಎಂದಿದೆ. ನಿಲ್ಲದ ಗಾಡಿಗೆ ಹತ್ತುವುದು ಹೇಗೆಂದು ಮಾತ್ರ ವರದಿ ತಿಳಿಸುವುದಿಲ್ಲ.

ವರದಿ ಬಂದ ಮೇಲೆ ರೋಲೆಂಡ್ ಲೀಡ್ಸ್‌ನಲ್ಲೇ ಒಂದು ಕೋಣೆ ಹಿಡಿದ. ಭಾನುವಾರ ಸಂಜೆ ಹೋಗುವುದು, ಶುಕ್ರವಾರ ಬರುವುದು. ನಾನು ಬೇಡವೆಂದೆ. ಜಗಳ ಮಾಡಿದೆ, ಅತ್ತುಬಿಟ್ಟೆ.

“ಮಲಗಿದಾಗ ಬಂದ್ರೆ ಪಕ್ಕದಲ್ಲಿ ಯಾರಿರ್ತಾರೆ ನಿಂಗೆ? ಮಗ್ಗುಲಿಗೆ ತಿರುಗ್ಸೋರು ಯಾರು?”

“ಕೆಲಸ ಹೋದ್ರೆ ಮನೇಲಿ ಕೂತು ನಿನ್ನ ಅಂಗಡಿ ಕೂದ್ಲು ಗುಡಿಸ್ಲಾ? ನನ್ ಕೈಯಲ್ಲಿ ಬೇರೆ ಕಸುಬಿಲ್ಲ ಥೆಲ್ಮಾ. ಎದ್ದ ತಕ್ಷಣ ಫೋನ್ ಮಾಡ್ತೀನಿ, ಆಯ್ತಾ?”

ದಿನಾ ಮಾಡುತ್ತಿದ್ದ. ಆ ಫೋನು ಬರುವವರೆಗೆ ನಾನು ಟೀ ಕೂಡ ಇಡುತ್ತಿರಲಿಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ ಫೋನು ಬಂತು, ಆದರೆ ದನಿ ಅವನದಾಗಿರಲಿಲ್ಲ. ಮನೆಯೊಡತಿ ಬ್ರೈಡಿ, ಐರ್ಲೆಂಡಿನಿಂದ ಬಂದು ಲೀಡ್ಸ್‌ನಲ್ಲಿ ನೆಲೆಸಿದ ವಿಧವೆ.

“ಥೆಲ್ಮಾ, ಗಾಬರಿ ಆಗ್ಬೇಡಮ್ಮ. ರೋಲೆಂಡ್ ಮಂಚದಿಂದ ಬಿದ್ದಿದಾರೆ. ಸದ್ದು ಕೇಳಿ ಓಡಿ ಬಂದೆ. ಆಂಬುಲೆನ್ಸ್‌ನವ್ರು ಇಲ್ಲೇ ಇದಾರೆ, ರೋಲೆಂಡ್ ಉಸಿರಾಡ್ತಿದಾರೆ. ನಿನ್ನನ್ನೇ ಕೇಳ್ತಿದಾರೆ. ಮೊದ್ಲು ಹೊರಟು ಬಾ.”

ಕೋಟು ಹಾಕಿಕೊಳ್ಳದೆ ಓಡಿದೆ. ಬೆಳಗಿನ ಗಾಡಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದಲ್ಲಿ ನಿಂತು, ಇವತ್ತೊಂದು ದಿನ, ಇವತ್ತೊಂದೇ ದಿನ ಎಂದು ಕಂಬಕ್ಕೆ ಹೇಳಿಕೊಂಡೆ. ಕಂಬ ತನ್ನ ವಿಷಾದವನ್ನು ಓದಿತು. ಗಾಡಿ ಬಂದಾಗ ನಾನು ಹಳದಿ ಗೆರೆ ದಾಟಿ ಎರಡೂ ಕೈ ಬೀಸಿದೆ. ಚಾಲಕ ಹಾರನ್ ಬಾರಿಸಿದ, ನಾನು ಅಡ್ಡ ಬೀಳುತ್ತೇನೆಂದು ಹೆದರಿರಬೇಕು, ಅವನ ತಪ್ಪಲ್ಲ. ಅರ್ಧ ಖಾಲಿ ಡಬ್ಬಿಗಳು ನನ್ನ ಮುಂದೆ ಹಾದುಹೋದವು. ಊರಲ್ಲಿರುವ ಒಬ್ಬನೇ ಟ್ಯಾಕ್ಸಿಯವನು ಶಾಲೆಯ ಮಕ್ಕಳನ್ನು ಬಿಡಲು ಹೋಗಿದ್ದ. ವಿನ್ನಿಯ ಅಳಿಯ ಸಮುದ್ರದ ದಡದಲ್ಲಿದ್ದ. ಮುಂದಿನ ಗಾಡಿ ಬರುವವರೆಗೆ ನಾನು ಆ ಬೆಂಚಿನ ಮೇಲೆ, ವಿನ್ನಿ ಬೆಳೆಸಿದ ಹೂಗಳ ನಡುವೆ ಕೂತಿದ್ದೆ. ಅಷ್ಟು ಸುಂದರವಾದ ನಿಲ್ದಾಣ ನಿಮಗೆ ಇನ್ನೆಲ್ಲೂ ಸಿಗಲಾರದು.

ಫಿಟ್ಸ್ ಬಂದು ಹೋದ ಮೇಲೆ ಮನುಷ್ಯನಿಗೆ ಸ್ವಲ್ಪ ಹೊತ್ತು ತಾನು ಯಾರು, ಎಲ್ಲಿದ್ದೇನೆ ಎನ್ನುವುದು ತಿಳಿಯುವುದಿಲ್ಲ. ಮಗುವಿನ ಹಾಗೆ ಹೆದರುತ್ತಾನೆ. ಆಗ ಗುರುತಿನ ದನಿಯೊಂದು ಕಿವಿಯ ಹತ್ತಿರ ಇರಬೇಕು. ಇಷ್ಟು ವರ್ಷ ಆ ದನಿ ನನ್ನದಾಗಿತ್ತು. ಅವತ್ತು ರೋಲೆಂಡ್ ಬ್ರೈಡಿಯ ಕೈ ಹಿಡಿದುಕೊಂಡು ಅವಳನ್ನೇ ಥೆಲ್ಮಾ ಎಂದು ಕರೆಯುತ್ತಿದ್ದನಂತೆ. ಆ ಪುಣ್ಯಾತ್ಗಿತ್ತಿ ಅಲ್ಲವೆನ್ನದೆ, “ಇಲ್ಲೇ ಇದೀನಿ ಕಣೋ” ಎನ್ನುತ್ತ ಆಸ್ಪತ್ರೆಯವರೆಗೂ ಹೋಗಿದ್ದಾಳೆ. ನಾನು ತಲುಪಿದಾಗ ಅವನ ಹಣೆಗೆ ಹೊಲಿಗೆ ಹಾಕಿ ಭುಜಕ್ಕೆ ಪಟ್ಟಿ ಕಟ್ಟಿದ್ದರು. ನನ್ನನ್ನು ನೋಡಿ, “ಆಗ್ಲಿಂದ ಇಲ್ಲೇ ಇದ್ಯಲ್ಲ, ಮನೆಗೆ ಹೋಗಿ ಏನಾದ್ರೂ ತಿನ್ನು,” ಎಂದ. ಇದ್ದೆ ಎಂದು ಸುಳ್ಳು ಹೇಳಿದೆ.

ಆಮೇಲೆ ನಿಮ್ಮ ಜಾಲತಾಣದಲ್ಲಿ ಆ ದಿನದ ಗಾಡಿಯನ್ನು ಹುಡುಕಿದೆ. ಲೀಡ್ಸ್‌ಗೆ ಹೊತ್ತಿಗೆ ಸರಿಯಾಗಿ ತಲುಪಿದೆ.

ಈಗ ನನ್ನ ಬೇಡಿಕೆ. ಇದು ವಿನಂತಿಯಲ್ಲ, ವಿನಂತಿಗಳ ಕಾಲ ಮುಗಿಯಿತು. ಹೊಸ ಗುತ್ತಿಗೆ ಯಾರಿಗಾದರೂ ಕೊಡಿ, ನಮಗೆ ಯಾವ ಕಂಪನಿಯೂ ಬಂಧುವಲ್ಲ, ಡಬ್ಬಿಗೆ ಯಾವ ಬಣ್ಣ ಬಳಿದರೂ ಸರಿಯೇ. ಆದರೆ ಗಾಡಿಯ ಹೊತ್ತನ್ನು ಅದು ನಿಲ್ಲಬೇಕಾದ ಪ್ರತಿ ಊರಿನಲ್ಲೂ ಅಳೆಯಬೇಕು. ನಿಲ್ಲದೆ ಹೋದ ಗಾಡಿಯನ್ನು ಬಾರದ ಗಾಡಿ ಎಂದೇ ಬರೆಯಬೇಕು, ಯಾವ ಗುಂಡಿ ಒತ್ತಿದರೂ ಅದು ಅಳಿಸಿಹೋಗಬಾರದು. ಸಮೀಕ್ಷೆಯ ಆ ಹುಡುಗಿಯನ್ನು ಒಂದು ದಿನವಾದರೂ ಗಾಡಿಯಿಂದ ಇಳಿಸಿ ನಮ್ಮ ಜೊತೆ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಬೇಕು. ‘ಕಂಪನಿಯ ವಿವೇಚನೆಗೆ’ ಎಂಬ ಮಾತನ್ನು ಹೊಡೆದುಹಾಕಬೇಕು. ವಿವೇಚನೆ ಇದ್ದವರಿಗೆ ಬಿಡುವ ಮಾತು ಅದು.

ಈ ತಿಂಗಳ ಕೊನೆಯವರೆಗೆ ರೋಲೆಂಡನ ಜಾಗವನ್ನು ಬೇರೆಯವರಿಗೆ ಕೊಡುವುದಿಲ್ಲವೆಂದು ಅವನ ಮೇಲಿನವನು ಮಾತು ಕೊಟ್ಟಿದ್ದಾನೆ. ಭುಜ ಕೂಡಿಕೊಂಡಿದೆ, ಇನ್ನು ಅವನು ಹೊರಡಲೇಬೇಕು. ಗಾಡಿ ದಿನಾ ನಿಲ್ಲುವುದಾದರೆ ಬೆಳಿಗ್ಗೆ ಮನೆಯಿಂದ ಹೋಗಿ ಸಂಜೆ ಮನೆಗೆ ಬಂದು ನನ್ನ ಪಕ್ಕದಲ್ಲಿ ಮಲಗುತ್ತಾನೆ. ನಿಲ್ಲದಿದ್ದರೆ ಆ ಕೋಣೆಗೆ ಮರಳಿ ಹೋಗಿ ಒಬ್ಬನೇ ಮಲಗುತ್ತಾನೆ. ಮುಂದಿನ ಸಲ ಬ್ರೈಡಿಗೆ ಸದ್ದು ಕೇಳಿಸದೆಯೂ ಇರಬಹುದು. ಎರಡರಲ್ಲಿ ಯಾವುದು ನಡೆದರೂ, ನಿಮ್ಮ ಲೆಕ್ಕದಲ್ಲಿ ಗಾಡಿ ಹೊತ್ತಿಗೆ ಸರಿಯಾಗಿಯೇ ತಲುಪಿರುತ್ತದೆ. ಸಹಿ ಹಾಕುವ ಮುಂಚೆ ಇಷ್ಟು ನಿಮಗೆ ತಿಳಿದಿರಲಿ, ಗೊತ್ತಿರಲಿಲ್ಲ ಎಂದು ನಾಳೆ ನೀವು ಹೇಳುವಂತಾಗಬಾರದು.

ಇಂತಿ,
ನಿಮ್ಮ ವರದಿಯ ಪ್ರಕಾರ ಯಾವ ಆಕ್ಷೇಪವೂ ಇಲ್ಲದ,
ಥೆಲ್ಮಾ ಕ್ರ್ಯಾಬ್‌ಟ್ರೀ
ಕೋಲ್ಡನ್‌ಬೆಕ್